ರಕ್ತದ ಮಾತು, ಭಾಗ 6: ರಿಪೋರ್ಟ್ ಚೆನ್ನಾಗಿತ್ತು, ಅಜ್ಜ ಚೆನ್ನಾಗಿರಲಿಲ್ಲ

ಫೋಟೋದಲ್ಲಿರೋದು ನಮ್ಮಜ್ಜನ ತೋರುಬೆರಳು. ತುದಿ ಬಿಳಿಚಿಕೊಂಡಿದೆ ನೋಡಿ, ಒತ್ತಿ ಬಿಟ್ಟಿದ್ದು ನಾನೇ. ಯಾಕಂತ ಆಮೇಲೆ ಹೇಳ್ತೀನಿ.

ಹೋದ ವರ್ಷ ಅಜ್ಜನಿಗೆ ಮೂತ್ರದ ಸೋಂಕಾಗಿತ್ತು. ಜ್ವರ ಇರಲಿಲ್ಲ. ಆದ್ರೆ ಬೆಳಿಗ್ಗೆಯಿಂದ ಉಸಿರು ಜೋರು, ಮಾತು ತಡವರಿಕೆ, ನನ್ನನ್ನ ಅಪ್ಪನ ಹೆಸರಲ್ಲಿ ಕರೀತಿದ್ರು. ತೋರಿಸಿದ ಕಡೆ ಸಿಆರ್‌ಪಿ ಸ್ವಲ್ಪವೇ ಏರಿದೆ ಅಂತ ಮನೆಗೆ ಕಳಿಸಿದ್ರು. ರಾತ್ರಿ ಬಿಪಿ ಬಿದ್ದು ಐಸಿಯು. ಬದುಕಿ ಬಂದ್ರು. ಆದ್ರೆ ಆ ರಿಪೋರ್ಟ್ ನೋಡಿ ಮೊದಲು ನಿಟ್ಟುಸಿರು ಬಿಟ್ಟವನು ನಾನು, ಲ್ಯಾಬ್ ಓದೋ ಹುಡುಗ! ಸಿಆರ್‌ಪಿ ಲಿವರ್‌ನಲ್ಲಿ ತಯಾರಾಗುತ್ತೆ, ತುದಿ ಮುಟ್ಟೋಕೆ ಒಂದೂವರೆ–ಎರಡು ದಿನ ಬೇಕು ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ.

ಸೆಪ್ಸಿಸ್ ಅಂದ್ರೆ ರಕ್ತದಲ್ಲಿ ಕ್ರಿಮಿ ಅಂತ ವೈವಾದಲ್ಲಿ ಈಗಲೂ ಹೇಳ್ತೀವಿ. 2016ರ ವ್ಯಾಖ್ಯಾನ ಬೇರೆ: ಸೋಂಕಿಗೆ ದೇಹ ಹದತಪ್ಪಿ ಪ್ರತಿಕ್ರಿಯಿಸಿ, ಅದರಿಂದ ಅಂಗಾಂಗಗಳೇ ಕೆಡೋದು. ಹಾಗಾಗಿ ಒಂದೇ ಒಂದು ಅಣುವನ್ನ ಅಳೆದು 'ಹೌದು' 'ಅಲ್ಲ' ಅನ್ನೋದು ಕಷ್ಟ. ಸೆಪ್ಸಿಸ್‌ಗೆ ಪರೀಕ್ಷಿಸಿದ ಬಯೋಮಾರ್ಕರ್‌ಗಳು ಎಷ್ಟು ಅಂತ 2010ರಲ್ಲಿ ಇಬ್ಬರು ವೈದ್ಯರು ಲೆಕ್ಕ ಹಾಕಿದ್ರು: 178. ಹತ್ತು ವರ್ಷದ ಮೇಲೆ ಅದೇ ಲೆಕ್ಕ 258. ಪಟ್ಟಿ ಬೆಳೀತು, ತೀರ್ಪು ಕೊಡೋ ಒಂದು ಮಾರ್ಕರ್ ಮಾತ್ರ ಸಿಗಲಿಲ್ಲ.

ಪ್ರೊಕ್ಯಾಲ್ಸಿಟೋನಿನ್ ಸಿಆರ್‌ಪಿಗಿಂತ ಬೇಗ ಏರುತ್ತೆ, ನಿಜ. ಆದ್ರೂ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಆ್ಯಂಟಿಬಯಾಟಿಕ್ ಶುರು ಮಾಡೋಕೆ ಅದನ್ನ ಕಾಯಬೇಡಿ ಅನ್ನುತ್ತೆ. ಯಾವಾಗ ನಿಲ್ಲಿಸಬೇಕು ಅಂತ ಗೊತ್ತಾಗದಿದ್ದಾಗ ಮಾತ್ರ ಅದರ ಸಹಾಯ ತಗೊಳ್ಳಿ ಅಂತ. ಇದು ನಮ್ಮ ನೋಟ್ಸ್‌ನಲ್ಲಿ ಒಂದು ಸಾಲೂ ಇಲ್ಲ.

ಹೋದ ವಾರದ ಸೆಮಿನಾರ್‌ನಲ್ಲಿ ಎಲ್ಲರೂ ಚಪ್ಪಾಳೆ ಹೊಡೆದ ಸ್ಟೆಮ್ ಸೆಲ್ ಕಥೆಗೆ ಬರ್ತೀನಿ. ರಕ್ತನಾಳದ ಒಳಪದರ ಹಾಳಾದಾಗ ಅಸ್ಥಿಮಜ್ಜೆಯಿಂದ ರಿಪೇರಿಗೆ ಅಂತ ಕೆಲವು ಪೂರ್ವಜ ಕೋಶಗಳು ರಕ್ತಕ್ಕಿಳೀತವೆ. ಬದುಕಿದ ರೋಗಿಗಳಲ್ಲಿ ಇವು ಹೆಚ್ಚಿದ್ದವು ಅಂತ ಸಣ್ಣ ಅಧ್ಯಯನ ಇದೆ. ಚೆಂದದ ವಿಷಯ, ನನಗೂ ಇಷ್ಟ. ಆದ್ರೆ ಇಷ್ಟು ಅಪರೂಪದ ಕೋಶಗಳನ್ನ ಎಣಿಸೋಕೆ ಫ್ಲೋ ಸೈಟೋಮೀಟರ್ ಬೇಕು, ಕೈ ಪಳಗಿದವರು ಬೇಕು, ಯಾವ ಕೋಶವನ್ನ ಲೆಕ್ಕಕ್ಕೆ ತಗೋಬೇಕು ಅನ್ನೋದರಲ್ಲೇ ಲ್ಯಾಬಿಗೊಂದು ವಾದ. ರಾತ್ರಿ ಎರಡು ಗಂಟೆಗೆ ತಾಲ್ಲೂಕು ಆಸ್ಪತ್ರೆಯ ನರ್ಸ್‌ಗೆ ಅದರಿಂದ ಏನು ಉಪಯೋಗ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ಬೆರಳಿಗೆ ಬರೋಣ. ದಕ್ಷಿಣ ಅಮೆರಿಕದ ಐದು ದೇಶಗಳಲ್ಲಿ 424 ಸೆಪ್ಟಿಕ್ ಶಾಕ್ ರೋಗಿಗಳ ಮೇಲೆ ನಡೆದ ಪ್ರಯೋಗ 2019ರಲ್ಲಿ ಪ್ರಕಟವಾಯ್ತು. ಅರ್ಧ ಜನರಿಗೆ ರಕ್ತದ ಲ್ಯಾಕ್ಟೇಟ್ ನೋಡಿ ಚಿಕಿತ್ಸೆ. ಉಳಿದವರಿಗೆ ಗಾಜಿನ ಸ್ಲೈಡ್‌ನಿಂದ ಬೆರಳ ತುದಿ 10 ಸೆಕೆಂಡ್ ಒತ್ತಿ, ಬಣ್ಣ ಮರಳೋಕೆ 3 ಸೆಕೆಂಡ್ ಮೀರುತ್ತಾ ನೋಡಿ ಚಿಕಿತ್ಸೆ. 28 ದಿನದಲ್ಲಿ ಸತ್ತವರು ಲ್ಯಾಕ್ಟೇಟ್ ಗುಂಪಲ್ಲಿ ಶೇ. 43.4, ಬೆರಳಿನ ಗುಂಪಲ್ಲಿ ಶೇ. 34.9. ಸಂಖ್ಯಾಶಾಸ್ತ್ರದ ಗೆರೆಯನ್ನ ಈ ವ್ಯತ್ಯಾಸ ಕೂದಲೆಳೆಯಲ್ಲಿ ದಾಟಲಿಲ್ಲ, ಹಾಗಾಗಿ ಬೆರಳೇ ಗೆದ್ದಿತು ಅನ್ನೋ ಹಾಗಿಲ್ಲ. ಸೋಲಲಿಲ್ಲ ಅನ್ನೋದೇ ನನಗೆ ದೊಡ್ಡದಾಗಿ ಕಂಡಿದ್ದು.

ಆ ಸಂಜೆ ಅಜ್ಜನ ಬೆರಳನ್ನ ಯಾರೂ ಒತ್ತಿ ನೋಡಲಿಲ್ಲ. ಈಗ ಊರಿಗೆ ಹೋದಾಗೆಲ್ಲ ನಾನು ಒತ್ತುತೀನಿ, ಅಜ್ಜ ಬೈತಾರೆ. ನಿನ್ನೆ ಎರಡು ಸೆಕೆಂಡ್ ಆಯ್ತು.

ಮುಂದಿನ ಭಾಗದಲ್ಲಿ ಲ್ಯಾಕ್ಟೇಟ್. ಸೆಮಿನಾರ್ ಮಾಡಿದವಳು ಕಾಮೆಂಟಲ್ಲಿ ಜಗಳಕ್ಕೆ ಬರಬಹುದು, ಕಾಯ್ತಿರ್ತೀನಿ.