ಗುಡ್ಡ ಕಡಿಯುವ ಮೊದಲು ಮಣ್ಣಿನ ವರದಿ ತೋರಿಸಿ

2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ವಾಹನ, ಜನ ಗಂಗಾವಳಿ ನದಿಯ ಪಾಲಾದರು. ನದಿಯಲ್ಲಿ ಹೂತುಹೋಗಿದ್ದ ಒಂದು ಲಾರಿಯನ್ನು ಚಾಲಕನ ಶವದ ಸಮೇತ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು.

ಇಂಥದ್ದಾದಾಗ ಅಧಿಕಾರದಲ್ಲಿರೋರಿಗೆ ಅನುಕೂಲಕ್ಕೆ ಬರುವ ಪದ 'ಪ್ರಕೃತಿ ವಿಕೋಪ'. ಮಳೆಯ ಮೇಲೆ ಎಫ್‌ಐಆರ್ ಹಾಕೋಕೆ ಆಗಲ್ವಲ್ಲ! ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮಳೆಯ ಜೊತೆಗೆ ಹೆದ್ದಾರಿಗಾಗಿ ಗುಡ್ಡ ಕಡಿದ ರೀತಿಯತ್ತಲೂ ಬೆರಳು ತೋರಿಸಿತು.

ಗುಡ್ಡವನ್ನು ಹಿಡಿದು ನಿಲ್ಲಿಸುವುದು ಹೇಗೆ?

ಕಡಿದ ಗುಡ್ಡವನ್ನು ನಿಲ್ಲಿಸಲು ಎಂಜಿನಿಯರಿಂಗ್‌ನಲ್ಲಿ ದಾರಿಗಳಿವೆ. ಅದರಲ್ಲೊಂದು ಗ್ರೌಂಡ್ ಆ್ಯಂಕರ್. ಇಳಿಜಾರಿನೊಳಕ್ಕೆ ಓರೆಯಾಗಿ ಬೋರ್ ಕೊರೆದು, ಉಕ್ಕಿನ ಕೇಬಲ್ ಅಥವಾ ಸರಳು ಇಳಿಸಿ, ಅದರ ಒಳತುದಿಯನ್ನು ಸಿಮೆಂಟ್ ಗ್ರೌಟ್‌ನಿಂದ ಗಟ್ಟಿ ಮಾಡುತ್ತಾರೆ. ಹೊರಗಿನಿಂದ ಜ್ಯಾಕ್ ಹಾಕಿ ಬಿಗಿದೆಳೆದು ಪ್ಲೇಟ್‌ಗೆ ಲಾಕ್ ಮಾಡುತ್ತಾರೆ. ಸಾಯಿಲ್ ನೇಲಿಂಗ್ ಇದರ ಸೋದರ. ಅದರಲ್ಲಿ ಸರಳನ್ನು ಹೀಗೆ ಎಳೆದು ಬಿಗಿಯುವುದಿಲ್ಲ, ಮಣ್ಣು ತುಸು ಜರುಗಿದಾಗಲೇ ಅದು ಹಿಡಿತಕ್ಕೆ ಬರುತ್ತೆ.

ಆ್ಯಂಕರ್‌ನ ಗಟ್ಟಿಯಾದ ಭಾಗ ಮಣ್ಣು ಜಾರುವ ಪದರವನ್ನು ದಾಟಿ ಆಚೆಗಿರಬೇಕು. ಈಚೆಗೇ ನಿಂತರೆ, ಜಾರುವ ಮಣ್ಣಿನ ಜೊತೆ ಆ್ಯಂಕರೂ ಜಾರುತ್ತೆ. ಹಾಗಾದರೆ ಆ ಪದರ ಎಷ್ಟು ಆಳದಲ್ಲಿದೆ? ಮಳೆಗಾಲದಲ್ಲಿ ಒಳಗೆ ನೀರು ಎಲ್ಲಿಯವರೆಗೆ ಏರುತ್ತೆ? ಒದ್ದೆ ಮಣ್ಣು ಗ್ರೌಟ್ ಅನ್ನು ಎಷ್ಟು ಹಿಡಿದುಕೊಳ್ಳುತ್ತೆ? ಇದನ್ನು ಹೊರಗೆ ನಿಂತು ಹೇಳೋಕಾಗಲ್ಲ. ಬೋರ್ ಕೊರೆದು ನೋಡಬೇಕು. 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕು ಅಂತ ಎಣಿಸುವ ಎಸ್‌ಪಿಟಿ ಪರೀಕ್ಷೆ ಸಿವಿಲ್ ಓದಿದ ಎಲ್ಲರಿಗೂ ಗೊತ್ತು. ಕರಾವಳಿಯಲ್ಲಂತೂ ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ನೀರು ಕುಡಿದರೆ ಬಲ ಕಳೆದುಕೊಳ್ಳುವ ಶೇಡಿ ಮಣ್ಣು. ಮೇಲ್ಮೈ ನಂಬಿದರೆ ಮುಗೀತು.

ನಮ್ಮ ರಟ್ಟೀಹಳ್ಳಿ ಕಡೆ ಎರೆ ಭೂಮಿಯಲ್ಲಿ ಮನೆ ಕಟ್ಟೋರು ಗರಸು ಸಿಗೋವರೆಗೂ ಪಾಯ ತೋಡಿಸುತ್ತಾರೆ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣು ಗೋಡೆಯನ್ನೂ ಸೀಳುತ್ತೆ ಅನ್ನೋದು ಅವರಿಗೆ ಗೊತ್ತು. ಸಾಮಾನ್ಯ ರೈತನಿಗಿರುವ ಈ ಎಚ್ಚರ ಸಾವಿರಾರು ಕೋಟಿಯ ಯೋಜನೆಗೆ ಯಾಕಿಲ್ಲ?

ಯಾರ ದುಡ್ಡು, ಯಾರ ಜೀವ

2025ರ ಜೂನ್‌ನಲ್ಲಿ ಇದೇ ಹೆದ್ದಾರಿಯ ಕಾಸರಗೋಡು ಭಾಗದ ಚೆರ್ಕಳದಲ್ಲಿ ಇಳಿಜಾರು ರಕ್ಷಣೆಯ ಕಾಮಗಾರಿಯೇ ಕುಸಿಯಿತು. ತಪ್ಪು ವಿನ್ಯಾಸ, ಸಾಲದ ರಕ್ಷಣೆ, ಸರಿಯಿಲ್ಲದ ನೀರು ಹರಿವಿನ ವ್ಯವಸ್ಥೆ ಕಾರಣ ಅಂತ ಹೆದ್ದಾರಿ ಪ್ರಾಧಿಕಾರವೇ ಹೇಳಿ, ಗುತ್ತಿಗೆ ಕಂಪನಿಯನ್ನು ಹೊಸ ಟೆಂಡರ್‌ಗಳಿಂದ ಹೊರಗಿಟ್ಟಿತು. ವರ್ಷಾಂತ್ಯದಲ್ಲಿ ಕೊಲ್ಲಂನಲ್ಲಿ ರಸ್ತೆ ಕುಸಿದ ಮೇಲೆ, ಕೇರಳದ 378 ಕಡೆ ಹೆದ್ದಾರಿ ಗೋಡೆಗಳ ಕೆಳಗಿನ ಮಣ್ಣು ಪರೀಕ್ಷಿಸುವುದಾಗಿ ಘೋಷಿಸಿತು. ಕಟ್ಟಿದ ಮೇಲೆ ಮಣ್ಣು ನೋಡೋದು ಮದುವೆಯಾದ ಮೇಲೆ ಜಾತಕ ಕೇಳಿದ ಹಾಗೆ.

ಸಮಸ್ಯೆಯ ಬೇರು ಗುತ್ತಿಗೆಯ ಸ್ವರೂಪದಲ್ಲಿದೆ. ಈಗಿನ ಹೆದ್ದಾರಿ ಗುತ್ತಿಗೆಗಳಲ್ಲಿ ವಿನ್ಯಾಸದ ಹೊಣೆಯೂ ಬಹುಪಾಲು ಗುತ್ತಿಗೆದಾರನದ್ದೇ. ಹೆಚ್ಚು ಬೋರ್ ಕೊರೆದರೆ ಖರ್ಚೂ ಅವನದೇ, ಕೆಟ್ಟ ಮಣ್ಣು ಸಿಕ್ಕರೆ ಆ್ಯಂಕರ್ ಖರ್ಚೂ ಅವನದೇ. ಕಡಿಮೆ ನೋಡಿದಷ್ಟೂ ಲಾಭ. ಕುಸಿದರೆ ಸಾಯೋರು ರಸ್ತೆ ಬದಿ ಚಹಾ ಮಾರೋರು, ಲಾರಿ ಓಡಿಸೋರು.

ಹಾಗಾಗಿ ಮೂರು ಬೇಡಿಕೆ. ಟೆಂಡರ್‌ಗೆ ಮೊದಲೇ ಸ್ವತಂತ್ರ ಸಂಸ್ಥೆಯಿಂದ ಮಣ್ಣಿನ ತನಿಖೆ ಆಗಬೇಕು, ಅದರ ಖರ್ಚು ಸರ್ಕಾರದ್ದಾಗಬೇಕು. ಬೋರ್‌ಗಳ ದಾಖಲೆ, ಆ್ಯಂಕರ್‌ಗಳನ್ನು ಎಳೆದು ನೋಡಿದ ಪರೀಕ್ಷಾ ವರದಿ ವೆಬ್‌ಸೈಟಿನಲ್ಲಿರಬೇಕು. ಕೇಳುವ ಮೊದಲೇ ಮಾಹಿತಿ ಕೊಡಿ ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್ ಹೇಳುತ್ತೆ. ಪ್ರತಿ ಮಳೆಗಾಲಕ್ಕೂ ಮುನ್ನ ಕಡಿದ ಇಳಿಜಾರುಗಳ ತಪಾಸಣೆ ಆಗಬೇಕು.

ನಿಮ್ಮ ಊರ ಹತ್ತಿರ ಗುಡ್ಡ ಕಡಿಯುತ್ತಿದ್ದರೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ. ಎಷ್ಟು ಬೋರ್, ಎಷ್ಟು ಆಳ, ಯಾವ ತಿಂಗಳಲ್ಲಿ ಕೊರೆದಿರಿ ಅಂತ ಕೇಳಿ. ಬೇಸಿಗೆಯಲ್ಲಿ ಮಾತ್ರ ನೋಡಿದ್ದರೆ, ಮಳೆಗಾಲದ ನೀರಿನ ಲೆಕ್ಕ ಎಲ್ಲಿ ಅಂತಲೂ ಕೇಳಿ.