'ಹೂ' ಅಂದರೆ ಯಾರು?

ನಮ್ಮ ಹುಡುಗಿಯರಿಗೆ ಇಂಗ್ಲಿಷ್ ವ್ಯಾಕರಣ ತಲೆಗೆ ಹತ್ತುವುದಿಲ್ಲ ಎಂಬ ದೂರನ್ನು ಕೇಳಿ ಕೇಳಿ ನನಗೆ ಬೇಸರ ಬಂದಿದೆ. ಹತ್ತುವ ಹಾಗೆ ಹೇಳಿಕೊಟ್ಟವರು ಯಾರು?

ರಿಲೇಟಿವ್ ಪ್ರೊನೌನ್ ಪಾಠವನ್ನೇ ತೆಗೆದುಕೊಳ್ಳಿ. 'ಹೂ' ಅಂದರೆ ಯಾರು, 'ವಿಚ್' ಅಂದರೆ ಯಾವುದು ಎಂದು ಉರು ಹೊಡೆಸುತ್ತಾರೆ. ಹುಡುಗಿ 'ದಿ ಬಾಯ್ ಹೂ ಕೇಮ್ ಯೆಸ್ಟರ್‌ಡೇ' ಎಂಬುದನ್ನು 'ಹುಡುಗ ಯಾರು ನಿನ್ನೆ ಬಂದ' ಎಂದು ಬರೆಯುತ್ತಾಳೆ. ಕೆಂಪು ಗೆರೆ ಬೀಳುತ್ತದೆ. ಅವಳು ದಡ್ಡಿಯಲ್ಲ. ಅಲ್ಲಿರುವ 'ಹೂ' ಪ್ರಶ್ನೆಯಲ್ಲ, ಕೊಂಡಿ ಎಂದು ಅವಳಿಗೆ ಯಾರೂ ಹೇಳಿಲ್ಲ, ಅಷ್ಟೆ.

ಕನ್ನಡದಲ್ಲಿ ನಾವು 'ನಿನ್ನೆ ಬಂದ ಹುಡುಗ' ಅನ್ನುತ್ತೇವೆ. 'ಬಂದ' ಎಂಬ ಕೃದಂತವೇ ಕೊಂಡಿಯ ಕೆಲಸ ಮಾಡುತ್ತದೆ. ನಮ್ಮಲ್ಲಿ ವಿವರ ಮೊದಲು, ಹೆಸರು ಆಮೇಲೆ. ಇಂಗ್ಲಿಷಿನಲ್ಲಿ ಹೆಸರು ಮೊದಲು, ವಿವರ ಆಮೇಲೆ. ಇದೇನೂ ಹೊಸ ಶೋಧವಲ್ಲ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ, ಕಿಟ್ಟೆಲ್ 1903ರಲ್ಲಿ ತಮ್ಮ ವ್ಯಾಕರಣಗಳಲ್ಲಿ ಈ ಕೃದಂತದ ವಿಚಾರ ಬರೆದಿದ್ದಾರೆ. ಪರದೇಶದಿಂದ ಬಂದವರು ಕಂಡುಕೊಂಡದ್ದನ್ನು ಇಲ್ಲೇ ಹುಟ್ಟಿದ ಮಕ್ಕಳಿಗೆ ಹೇಳಲು ನಮಗೇಕೆ ಸಂಕೋಚ?

'ಅತ್ತೆ ಮೆಚ್ಚಿದ ಸೊಸೆ' ಬೇರೆ, 'ಅತ್ತೆಯನ್ನು ಮೆಚ್ಚಿದ ಸೊಸೆ' ಬೇರೆ. ಇದು ಯಾವ ಹೆಣ್ಣಿಗೆ ಗೊತ್ತಿಲ್ಲ? ವ್ಯಾಕರಣದ ಪ್ರಕಾರ ಮೊದಲನೆಯವಳಿಗೆ 'ಹೂಮ್', ಎರಡನೆಯವಳಿಗೆ 'ಹೂ'. ಮೆಚ್ಚಿದವಳು ಯಾರು, ಮೆಚ್ಚಿಸಿಕೊಂಡವಳು ಯಾರು ಎಂದು ನೋಡಿಕೊಂಡರೆ ಮುಗಿಯಿತು.

ಕನ್ನಡದಲ್ಲಿಲ್ಲದ ಸೂಕ್ಷ್ಮವೂ ಅಲ್ಲಿದೆ. 'ಮೈಸೂರಿನಲ್ಲಿರುವ ನನ್ನ ತಂಗಿ' ಎಂದರೆ ತಂಗಿ ಒಬ್ಬಳೋ ಮೂವರೋ ತಿಳಿಯದು. ಇಂಗ್ಲಿಷ್ ಬರಹದಲ್ಲಿ 'ಮೈ ಸಿಸ್ಟರ್' ಆದ ಮೇಲೆ ಅಲ್ಪವಿರಾಮವಿದ್ದರೆ ಒಬ್ಬಳೇ; ಇಲ್ಲದಿದ್ದರೆ ಬೇರೆ ತಂಗಿಯರೂ ಇದ್ದಾರೆಂದು ಅರ್ಥ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ತಾನೆ ಇದು ಕಾಣುವುದು?

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಂದರೆ ಇಂಗ್ಲಿಷ್ ಕೆಡುತ್ತದೆ ಎಂದು ವಾದಿಸುವವರಿದ್ದಾರೆ. ಸ್ವಾಮಿ, ಬಾಯಿ ಮುಚ್ಚಿಸಿದ ಮಾತ್ರಕ್ಕೆ ತಲೆಯೊಳಗಿನ ಕನ್ನಡ ಸುಮ್ಮನಿರುತ್ತದೆಯೇ? ಅದು ಕತ್ತಲಲ್ಲಿ ಕೂತು 'ದಿ ಯೆಸ್ಟರ್‌ಡೇ ಕೇಮ್ ಬಾಯ್' ಎಂದು ಬರೆಸುತ್ತದೆ. ಬೆಳಕಿಗೆ ತಂದರೆ ಅದೇ ದಾರಿ ತೋರಿಸುತ್ತದೆ.

ಇದು ಬರೀ ಅಂಕದ ಮಾತಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಹೋದ ಗಂಡುಹುಡುಗನನ್ನು ಟ್ಯೂಷನ್ನಿಗೆ ಕಳಿಸಿ, ಅಷ್ಟರಲ್ಲೇ ಹೋದ ಹುಡುಗಿಗೆ ಗಂಡು ನೋಡಲು ಹೊರಟ ಮನೆಗಳನ್ನು ನಾನು ಕಂಡಿದ್ದೇನೆ. ಒಂದು 'ಹೂ' ಅರ್ಥವಾಗದ್ದಕ್ಕೆ ಇಷ್ಟು ದೊಡ್ಡ ದಂಡವೇ?

ತಾಯಂದಿರೇ, 'ನನಗೆ ಇಂಗ್ಲಿಷ್ ಬರದಮ್ಮ' ಎಂದು ದೂರ ಸರಿಯಬೇಡಿ. 'ಅಜ್ಜಿ ಹೊಲಿದ ಕೌದಿ', 'ನೀನು ತಂದ ಸೊಪ್ಪು' ಎಂದು ಮಗಳಿಂದ ಹತ್ತು ಮಾತು ಹೇಳಿಸಿ. ಕೌದಿಯನ್ನು ಮೊದಲಿಗೆ ತಾ, ಅಜ್ಜಿ ಹೊಲಿದದ್ದನ್ನು ಆಮೇಲಿಡು, ನಡುವೆ ಒಂದು 'ವಿಚ್' ಹಾಕು ಅನ್ನಿ. ಇಂಗ್ಲಿಷ್ ಪದಗಳನ್ನು ಅವಳು ಹುಡುಕಿಕೊಳ್ಳಲಿ. ಪಾಠದ ಅರ್ಧ ನಿಮ್ಮ ಬಾಯಲ್ಲೇ ಇದೆ. ಉಳಿದರ್ಧಕ್ಕೆ ನಮ್ಮನ್ನು, ಮೇಷ್ಟರನ್ನು ಮೇಡಮ್ಮುಗಳನ್ನು, ಧೈರ್ಯವಾಗಿ ಕೇಳಿ.