ಕೆರೆ ಉಳಿದರೆ ಊರು ಉಳಿದೀತು

ಇನ್ನು ಸಾವಿರ ವರ್ಷಕ್ಕೆ ನಮ್ಮ ಯಾವ ನಗರ ಉಳಿದಿರುತ್ತದೆ? ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮಂಥವರ ನಡುವೆ ಈ ಮಾತು ಬಂದರೆ ಉತ್ತರ ಬೇಗ ಸಿಗುತ್ತದೆ. ಮುಂಬೈ, ಚೆನ್ನೈಗಳಿಗೆ ಸಮುದ್ರದ ಭಯವಿದೆ. ಜಕಾರ್ತಾ ಕುಸಿಯುತ್ತಿದೆ ಎಂದು ಇಂಡೊನೇಷ್ಯಾ ರಾಜಧಾನಿಯನ್ನೇ ಬದಲಿಸಲು 2019ರಲ್ಲಿ ತೀರ್ಮಾನಿಸಿತು. ನಾವೋ ದಖ್ಖನ್ನಿನ ಮೇಲೆ ಕೂತವರು. ಹೈದರಾಬಾದ್ ಸಮುದ್ರಮಟ್ಟದಿಂದ ಸುಮಾರು 500 ಮೀಟರ್, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿವೆ. ಅಡಿಯಲ್ಲಿ ಗಟ್ಟಿ ಬಂಡೆ. ಇನ್ನೇನು ಬೇಕು?

ನೀರು ಬೇಕು. ಬಂಡೆ ಕಟ್ಟಡವನ್ನು ಹೊರುತ್ತದೆ, ಆದರೆ ಮಳೆನೀರನ್ನು ಹೆಚ್ಚು ಹಿಡಿದಿಡುವುದಿಲ್ಲ. ಆದ್ದರಿಂದಲೇ ಈ ನೆಲದ ಹಿರಿಯರು ಮೊದಲು ಕೆರೆ ಕಟ್ಟಿದರು. ಹುಸೇನ್ ಸಾಗರ ಚಾರ್‌ಮಿನಾರಿಗಿಂತ ಹಳೆಯದು. ನಮ್ಮ ಹಂಪಿಯನ್ನೇ ನೋಡಿ. 1565ರ ನಂತರ ಅರಮನೆ, ಪೇಟೆಗಳು ಹಾಳಾದವು. ಆದರೆ ವಿಜಯನಗರದ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ರಾಜರಿಲ್ಲದಿದ್ದರೂ ಅವು ಬೇಕಾದವರು ಇದ್ದರು, ದುರಸ್ತಿ ಮಾಡಿಕೊಂಡು ಬಂದರು. ನಮ್ಮ ವೃತ್ತಿಯಲ್ಲೂ ಹಾಗೆಯೇ. ಎಷ್ಟೋ ವರ್ಷಗಳಿಂದ ಓಡುತ್ತಿರುವ ಪ್ರೋಗ್ರಾಮಿನ ಹಿಂದೆ ಅದನ್ನು ಬಿಡದೆ ನೋಡಿಕೊಂಡ ಯಾರೋ ಇರುತ್ತಾರೆ.

ಹೈದರಾಬಾದ್ ಕುತುಬ್‌ಶಾಹಿಗಳು, ಮೊಘಲರು, ನಿಜಾಮರು ಎಲ್ಲರನ್ನೂ ಕಂಡು ಉಳಿದ ಊರು. ಅದನ್ನು ನಿಜವಾಗಿ ನಡುಗಿಸಿದ್ದು 1908ರ ಸೆಪ್ಟೆಂಬರಿನ ಮೂಸಿ ಪ್ರವಾಹ. ಸುಮಾರು 15 ಸಾವಿರ ಜನ ಸತ್ತರೆಂಬ ಅಂದಾಜಿದೆ. ಆಗ ನಿಜಾಮರು ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಭಾಗದಲ್ಲೇ ನೀರನ್ನು ತಡೆಯಬೇಕು ಎಂಬುದು ಅವರ ಸಲಹೆ. ಅದರಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಪ್ರವಾಹ ತಡೆಯುವ ಕಟ್ಟೆಗಳೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು.

ಈ ಜಲಾಶಯಗಳ ಸುತ್ತ 10 ಕಿ.ಮೀ. ವ್ಯಾಪ್ತಿಯಲ್ಲಿ ದೊಡ್ಡ ಕಟ್ಟಡಗಳನ್ನು ತಡೆದ ಸರ್ಕಾರಿ ಆದೇಶ 111 ಬಂದದ್ದು 1996ರಲ್ಲಿ. 2022ರಲ್ಲಿ ಆ ನಿರ್ಬಂಧಗಳನ್ನು ಸಡಿಲಿಸಿದರು. ಈಗ ಕೃಷ್ಣಾ, ಗೋದಾವರಿ ನೀರು ಬರುತ್ತಿದೆ, ನಗರ ಆ ಕೆರೆಗಳನ್ನೇ ನೆಚ್ಚಿಕೊಂಡಿಲ್ಲ ಎಂಬ ವಾದವಿದೆ. ನಾನು ಒಪ್ಪುವುದಿಲ್ಲ. ದೂರದ ನದಿಯಿಂದ ಪಂಪ್ ಮಾಡಿದ ನೀರು ಕರೆಂಟು, ಮಳೆ ಮತ್ತು ಪಕ್ಕದ ರಾಜ್ಯದ ಜೊತೆಗಿನ ಪಾಲು ಮೂರನ್ನೂ ನಂಬಿರುತ್ತದೆ. ಕಾವೇರಿಯನ್ನು ಎತ್ತಿ ತರುವ ಬೆಂಗಳೂರು 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಳ ಹಿಂದೆ ಓಡಿದ್ದು ನೆನಪಿದೆಯಲ್ಲ? ಅಲ್ಲದೆ, ಮೂಸಿ ಮತ್ತೆ ಉಕ್ಕಿದರೆ ಗೋದಾವರಿಯ ಪೈಪು ಅದನ್ನು ತಡೆಯುವುದಿಲ್ಲ.

ಆದ್ದರಿಂದ ನನ್ನ ಮತ ಎತ್ತರದ ಊರಿಗೂ ಅಲ್ಲ, ದುಡ್ಡಿನ ಊರಿಗೂ ಅಲ್ಲ. ತನ್ನ ಕೆರೆ, ರಾಜಕಾಲುವೆಗಳನ್ನು ಮೊದಲು ಬಿಡಿಸಿಕೊಂಡ ಊರಿಗೆ.

ಸಾವಿರ ವರ್ಷದ ಮಾತು ದೂರದ್ದು ಎನಿಸಬಹುದು. ಆದರೆ ಹೊರನಾಡಿನಲ್ಲಿ ನಾವು ತೆಗೆದುಕೊಳ್ಳುವ ಗೃಹಸಾಲ 20 ವರ್ಷದ್ದು. ಫ್ಲ್ಯಾಟ್ ನೋಡಲು ಹೋದಾಗ ಈಜುಕೊಳ, ಜಿಮ್ ವಿಚಾರಿಸುತ್ತೇವೆ. ಹತ್ತಿರದ ಕೆರೆ ತುಂಬಿದಾಗ ನೀರು ನಿಲ್ಲುವ ಗಡಿ, ಇಲ್ಲಿನವರ ಬಾಯಲ್ಲಿ ಎಫ್‌ಟಿಎಲ್, ಎಲ್ಲಿದೆ ಎಂದು ಮೊದಲು ಕೇಳೋಣ. ಬಿಲ್ಡರ್ ತಡವರಿಸಿದರೆ ಅಡ್ವಾನ್ಸ್ ಕೊಡದೆ ಎದ್ದು ಬರೋಣ. ಹತ್ತು ಜನ ಹೀಗೆ ಎದ್ದು ಬಂದರೆ ಹನ್ನೊಂದನೆಯ ಕೆರೆಗೆ ಮಣ್ಣು ಸುರಿಯುವ ಮೊದಲು ಅವರೂ ಲೆಕ್ಕ ಹಾಕುತ್ತಾರೆ.